ಗುಳೆ ಹೋದವರ ಲೆಕ್ಕ ಯಾರ ಹತ್ರ ಐತಿ?

2020ರ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಲಾಕ್‌ಡೌನಿನಲ್ಲಿ ಊರಿನ ದಾರಿ ಹಿಡಿದ ಕೂಲಿಕಾರರಲ್ಲಿ ಸತ್ತವರು ಎಷ್ಟು? ಕಾರ್ಮಿಕ ಇಲಾಖೆಯ ಉತ್ತರ: ಅಂಥ ಮಾಹಿತಿ ಇಟ್ಟಿಲ್ಲ. ಲೆಕ್ಕವೇ ಇಲ್ಲ ಅಂದಮೇಲೆ ಪರಿಹಾರದ ಮಾತೆಲ್ಲಿ? ಊರಿಗೆ ಮರಳಿದವರು 1 ಕೋಟಿ 4 ಲಕ್ಷ ಅನ್ನುವುದು ಮಾತ್ರ ಅದೇ ಸರಕಾರಕ್ಕೆ ಗೊತ್ತಿತ್ತು.

ಇದನ್ನು ಮರೆವು ಅಂತ ನಂಬುವವರು ನಂಬಲಿ. ಊರಾಗಿನ ಎಮ್ಮಿ, ಕುರಿ, ಕೋಳಿ ಎಣಿಸಿ ಬರಕೊಂಡು ಹೋಗ್ತಾರ. ಕೇರಿ ಖಾಲಿ ಆದದ್ದು ಮಾತ್ರ ಯಾರಿಗೂ ಕಾಣೋದಿಲ್ಲ.

ಕಾನೂನು ಇರಲಿಲ್ಲವೇ? ಇತ್ತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ. ಐದು ಮಂದಿಯನ್ನು ಹೊರರಾಜ್ಯಕ್ಕೆ ಒಯ್ಯುವ ಗುತ್ತಿಗೆದಾರ ಲೈಸೆನ್ಸ್ ತಗೋಬೇಕು. 15 ದಿವಸದೊಳಗೆ ಅವರ ವಿವರವನ್ನು ಹೊರಟ ರಾಜ್ಯಕ್ಕೂ ಮುಟ್ಟಿದ ರಾಜ್ಯಕ್ಕೂ ಬರೆದು ಕೊಡಬೇಕು. ಒಬ್ಬೊಬ್ಬರಿಗೂ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕು. ನಮ್ಮ ಕೇರಿಗಳಲ್ಲಿ ಕೇಳಿ ನೋಡ್ರಿ, ಆ ಪಾಸ್‌ಬುಕ್ ಕಣ್ಣಿಂದ ಕಂಡವರು ಯಾರರೆ ಇದ್ದಾರೇನು? ಎರಡು ರಾಜ್ಯಗಳು ಲೆಕ್ಕ ಹಂಚಿಕೊಳ್ಳಬೇಕು ಅಂತ ಇಂದು ಸೆಮಿನಾರುಗಳಲ್ಲಿ ಹೊಸ ಮಾತಿನಂತೆ ಹೇಳುವ ಪಂಡಿತರು ಆ ಹಳೆಯ ಕಾಗದವನ್ನು ಒಮ್ಮೆ ಓದಲಿ. 2025ರ ನವೆಂಬರ್ 21ರಿಂದ ಅದೂ ಹೋಗಿ ಹೊಸ ಸಂಹಿತೆ ಬಂದಿದೆ. ಐದು ಮಂದಿ ಅಂತಿದ್ದದ್ದು ಹತ್ತಾಯಿತು. ಮನೆ ಬಿಟ್ಟು ಹೋದದ್ದಕ್ಕೆ ಸಿಗಬೇಕಿದ್ದ ಭತ್ಯೆ ಹೋಯಿತು. ಕಲಘಟಗಿಯಿಂದ ಬೆಂಗಳೂರಿಗೆ ದುಡಿಯಲು ಹೋದವನು ಆ ಕಾಯ್ದೆಯಲ್ಲೂ ಇರಲಿಲ್ಲ, ಈ ಸಂಹಿತೆಯಲ್ಲೂ ಇಲ್ಲ. ರಾಜ್ಯದ ಗಡಿ ದಾಟಲಿಲ್ಲವಲ್ಲ!

ಇನ್ನು ಜನಗಣತಿ. 2011ರಲ್ಲಿ ತಲೆ ಎಣಿಸಿದ್ದು ಫೆಬ್ರವರಿ 9ರಿಂದ 28ರ ತನಕ. ಅಷ್ಟೂ ದಿವಸ ಊರಲ್ಲಿ ಇಲ್ಲದವನನ್ನು ಊರಲ್ಲಿ ಬರೆಯುವಂತಿಲ್ಲ, ಇದ್ದಲ್ಲೇ ಎಣಿಸಬೇಕು. ಫೆಬ್ರವರಿ ಅಂದರೆ ಕಬ್ಬು ಕಡಿಯುವ ಕಾಲ. ವಿಜಯಪುರ ಕಡೆಯ ತಾಂಡಾದವರು ಮಹಾರಾಷ್ಟ್ರದ ಕಬ್ಬಿನ ಗದ್ದೆಯಲ್ಲಿರುತ್ತಾರೆ, ನಮ್ಮ ಕಡೆಯವರು ಗೋವಾದ ಕಟ್ಟಡಗಳಲ್ಲಿರುತ್ತಾರೆ. ಊರಲ್ಲಿ ಬಾಗಿಲಿಗೆ ಬೀಗ. ಅಲ್ಲಿ ಬದುವಿನ ಮೇಲಿನ ತಾಡಪತ್ರಿ ಗುಡಿಸಲಿಗೆ ಯಾವ ಎಣಿಕೆದಾರ ಹೋಗ್ತಾನ? ಹೋದರೂ ಇನ್ನೊಂದು ಮೋಸವಿದೆ. ಪರಿಶಿಷ್ಟರನ್ನು ಈ ತನಕ ಎಣಿಸಿದ್ದು ಆಯಾ ರಾಜ್ಯದ ಪಟ್ಟಿ ಹಿಡಿದು. ಇಲ್ಲಿ ಲಂಬಾಣಿ, ಭೋವಿ ಪರಿಶಿಷ್ಟ ಜಾತಿ. ಗೋವಾದ ಪಟ್ಟಿಯಲ್ಲಿ ಆ ಹೆಸರುಗಳೇ ಇಲ್ಲ. ರೈಲು ಕ್ಯಾಸಲ್‌ರಾಕ್ ದಾಟಿದ ಕೂಡಲೇ ಕಾಗದದ ಮೇಲೆ ಜಾತಿ ಹೋಯಿತು, ಮೈಮೇಲೆ ಹಾಗೇ ಉಳಿಯಿತು. ಊರ ಕೇರಿಯಲ್ಲಿ ಒಂದು ತಲೆ ಕಡಿಮೆ, ಅಲ್ಲಿಯ ಲೆಕ್ಕದಲ್ಲೂ ಪರಿಶಿಷ್ಟನಲ್ಲ. ಅನುದಾನ, ಮೀಸಲು ಕ್ಷೇತ್ರ ಎಲ್ಲ ನಿಂತದ್ದು ಈ ತಲೆಗಳ ಮೇಲೆಯೇ.

ಬರೆದಿಡುವುದು ಆಗದ ಮಾತೇನಲ್ಲ. ಹುಬ್ಬಳ್ಳಿಗೆ ದೂರವಲ್ಲದ ಮುಂಡಗೋಡದಲ್ಲಿ 1966ರಿಂದ ಟಿಬೇಟಿನ ನಿರಾಶ್ರಿತರಿದ್ದಾರೆ. ಅವರಿಗೆ ನೋಂದಣಿ ಪತ್ರವಿದೆ, ಅವಧಿ ಮುಗಿದರೆ ಮತ್ತೆ ಬರೆಸಬೇಕು. ದೇಶ ಕಳಕೊಂಡವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ದೇಶದ ಗಡಿ ದಾಟಿ ಬಂದವರನ್ನು ಬರೆದಿಡಬಲ್ಲ ಸರಕಾರಕ್ಕೆ ನಮ್ಮ ಕೇರಿ ಬಿಟ್ಟು ಹೊರಟವರನ್ನು ಬರೆಯಲು ಮಸಿ ಸಾಲದೇ?

ಧಣಿಗಳಿಗೆ ಬೇಕಾದಾಗ ಎಲ್ಲರಿಗೂ ಎಣಿಸಲು ಬರುತ್ತದೆ. 2020ರ ಮೇ 5ರಂದು ಬಿಲ್ಡರುಗಳ ಜೊತೆ ಮುಖ್ಯಮಂತ್ರಿಗಳ ಸಭೆ ಆಯಿತು. ಅಂದೇ ಹೊರರಾಜ್ಯದ ಕೂಲಿಕಾರರ ರೈಲು ಬೇಡವೆಂದು ಕರ್ನಾಟಕ ಸರಕಾರ ಪತ್ರ ಬರೆಯಿತು. ಗಲಾಟೆಯಾದ ಮೇಲೆ ಹಿಂದೆ ಸರಿಯಿತು. ಎಷ್ಟು ಕೈ ಬೇಕೆಂಬ ಲೆಕ್ಕ ಬಿಲ್ಡರಿಗೆ ಗೊತ್ತಿತ್ತು. 2004ರ ಜೂನ್‌ನಲ್ಲಿ ಗೋವಾದ ಬೈನಾದಲ್ಲಿ ಕನ್ನಡದ ಹೆಣ್ಣುಮಕ್ಕಳೂ ಇದ್ದ ಗುಡಿಸಲುಗಳ ಮೇಲೆ ಬುಲ್ಡೋಜರ್ ಹಾಯಿತು. ಕೆಡವಲಿಕ್ಕೆ ಪಟ್ಟಿ ಬೇಗ ತಯಾರಾಗುತ್ತದೆ. ಆದ್ದರಿಂದ ಎಣಿಸಿರಿ ಅಂದರೆ ಸಾಲದು. ಎಣಿಕೆ ಯಾರ ಕೈಯಲ್ಲಿರಬೇಕು ಅನ್ನುವುದನ್ನೂ ಈಗಲೇ ಕೇಳಬೇಕು.

ನಿಜವಾದ ಲೆಕ್ಕ ಇಂದಿಗೂ ಇರುವುದು ಮುಕಾದಮನ ನೋಟಬುಕ್ಕಿನಲ್ಲಿ. ಯಾರ ಮನೆಯಿಂದ ಎಷ್ಟು ಮಂದಿ, ಮುಂಗಡ ಎಷ್ಟು, ತೀರಿದ್ದು ಎಷ್ಟು, ಎಲ್ಲ ಅಲ್ಲಿದೆ. ಇನ್ನೊಂದು ಲೆಕ್ಕ ಸಾಲಿಯ ಹಾಜರಿ ಪುಸ್ತಕದಲ್ಲಿದೆ. ದೀಪಾವಳಿ ದಾಟಿದ ಮೇಲೆ ಗೈರು ಬೀಳುವ ಹೆಸರುಗಳು ಯಾವ ಕೇರಿಯವು ಅಂತ ಮಾಸ್ತರಿಗೆ ಗೊತ್ತಿಲ್ಲವೇ? ನಾಳೆ ಗಣತಿಯ ಚೀಲ ಹೆಗಲಿಗೆ ಹಾಕಿಕೊಂಡು ಬರುವವರೂ ನೀವೇ.

2021ರ ಗಣತಿ ನಡೆಯಲಿಲ್ಲ. ಈಗ ಗೊತ್ತುಮಾಡಿದ ದಿವಸ 2027ರ ಮಾರ್ಚ್ 1. ಮತ್ತೆ ಅದೇ ಫೆಬ್ರವರಿ. ಕಾಯುತ್ತ ಕೂಡಬೇಡಿರಿ. ಪ್ರತಿ ಕೇರಿಯಲ್ಲಿ ಒಬ್ಬ ಓದಿದ ಹುಡುಗನೋ ಹುಡುಗಿಯೋ ನೂರು ಪುಟದ ನೋಟಬುಕ್ ತಗೊಂಡು ಕೂಡಲಿ. ಹೋದವರು ಯಾರು, ಎಲ್ಲಿಗೆ, ಎಂದು, ಯಾರ ಮುಂಗಡಕ್ಕೆ, ಜೊತೆಗೆ ಹೋದ ಮಕ್ಕಳೆಷ್ಟು ಅಂತ ಅವರನ್ನೇ ಕೇಳಿ, ಅವರು ಒಪ್ಪಿದಷ್ಟನ್ನೇ ಬರೆಯಲಿ. ಒಂದು ಪ್ರತಿ ಗ್ರಾಮ ಪಂಚಾಯತಿಗೆ, ಒಂದು ಕಾರ್ಮಿಕ ಇಲಾಖೆಗೆ, ಒಂದು ಅವರು ಹೋದ ರಾಜ್ಯದ ಕಾರ್ಮಿಕ ಇಲಾಖೆಗೆ. ಮುಟ್ಟಿದ್ದಕ್ಕೆ ಸಿಕ್ಕಾ ಹೊಡಿಸಿಕೊಂಡು ಬರ್ರಿ. ಗುತ್ತಿಗೆದಾರನ ಹೆಸರು ಬಿಡಬ್ಯಾಡ್ರಿ. ಪೊಲೀಸ್ ಠಾಣೆಗೆ ಪ್ರತಿ ಕೊಡಬ್ಯಾಡ್ರಿ.