ಹಾಜರಿ ಯಾರ ಕೈಯಲ್ಲಿ?

ಹಾಸ್ಟೆಲಿನ ಕಾಟಿನ ಮೇಲೆ ಬಿದ್ದುಕೊಂಡು ಮೊಬೈಲು ತಿಕ್ಕುವ ನಮ್ಮನ್ನು ನಾವೇ ಒಂದು ಮಾತು ಕೇಳಿಕೊಳ್ಳೋಣ. ಬೇಸಿಗೆಯಲ್ಲಿ ಕೆರೆ ಹೂಳು ಎತ್ತಲು ಹೋದ ನಮ್ಮ ಅವ್ವನಿಗೆ ಎಷ್ಟು ದಿನದ ಹಾಜರಿ ಬಿತ್ತು? ಎಷ್ಟು ದಿನದ್ದು ಬೀಳಲಿಲ್ಲ? ಪಂಚಾಯ್ತಿಗೆ ಗೊತ್ತು, ಬೆಂಗಳೂರಿಗೆ ಗೊತ್ತು, ದಿಲ್ಲಿಗೆ ಗೊತ್ತು. ಬುಟ್ಟಿ ಹೊತ್ತ ಅವ್ವನಿಗೆ ಗೊತ್ತಿಲ್ಲ. ಓದಿದ ಮಕ್ಕಳು ಅನ್ನಿಸಿಕೊಂಡ ನಮಗೂ ಗೊತ್ತಿಲ್ಲ. ಇದು ನಾಚಿಕೆಗೇಡು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಈ ನಾಲ್ಕು ತಾಲ್ಲೂಕುಗಳಿಂದ ಬಂದು ಹಾಸ್ಟೆಲು ಸೇರಿದ ನಾವು ಬಹಳ ಮಂದಿ ಗುದ್ದಲಿ ಸಲಿಕೆ ಹಿಡಿದವರ ಮಕ್ಕಳು. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದಿತು, ಮಲಪ್ರಭೆಯ ನೀರು ಕಾಲುವೆಗೆ ಬಿತ್ತು. ಹೊಲ ಇದ್ದವನಿಗೆ ನೀರು ಬಂತು. ಹೊಲವೇ ಇಲ್ಲದ ಕೇರಿಗೆ ಏನು ಬಂತು? ಅದೇ ಹೊಲದಲ್ಲಿ ಕೂಲಿ ಬಂತು. ಕೂಲಿ ಎಷ್ಟು ಅನ್ನುವುದನ್ನೂ ಹೊಲದವನೇ ಹೇಳಿದ. 2005ರಲ್ಲಿ ಉದ್ಯೋಗ ಖಾತ್ರಿ ಕಾನೂನು ಬಂದಾಗ ಈ ಲೆಕ್ಕ ಸ್ವಲ್ಪ ಅಲುಗಾಡಿತು. ವರ್ಷಕ್ಕೆ 100 ದಿನದ ಕೆಲಸ. ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೂಲಿ. ಫಾರಂ ನಂಬರ್ 6 ತುಂಬಿಕೊಟ್ಟು "ಕೆಲಸ ಕೊಡ್ರಿ" ಎಂದು ಪಂಚಾಯ್ತಿ ಮುಂದೆ ನಿಂತ ಹೆಣ್ಣುಮಕ್ಕಳನ್ನು ಕಂಡು ಊರ ಧಣಿಗಳಿಗೆ ಹೊಟ್ಟೆಯುರಿ ಹತ್ತಿತು.

ಆ ಕೆಲಸದ ಜಾಗಕ್ಕೆ 2021ರಲ್ಲಿ ಮೊಬೈಲ್ ಹಾಜರಿ ಬಂತು. ಎನ್‌ಎಂಎಂಎಸ್ ಎಂದು ಅದರ ಹೆಸರು. 2023ರ ಜನವರಿ 1ರಿಂದ, ವೈಯಕ್ತಿಕ ಕಾಮಗಾರಿ ಬಿಟ್ಟು ದೇಶದ ಎಲ್ಲ ಖಾತ್ರಿ ಕೆಲಸಕ್ಕೂ ಅದನ್ನು ಕಡ್ಡಾಯ ಮಾಡಿದರು. ದಿನಕ್ಕೆ ಎರಡು ಫೋಟೋ. ಕೆಲಸ ಶುರುವಾದಾಗ ಒಂದು, ನಾಲ್ಕು ತಾಸು ಕಳೆದ ಮೇಲೆ ಇನ್ನೊಂದು. ಫೋಟೋ ತೆಗೆಯುವವಳು ಕಾಯಕ ಬಂಧು. ಅವಳೂ ನಮ್ಮಂಥ ಮನೆಯವಳೇ. ಬಹಳ ಕಡೆ ಅವಳದೇ ಫೋನು, ಅವಳದೇ ರೀಚಾರ್ಜು. ಬೈಗುಳವೂ ಅವಳಿಗೇ.

ನಮ್ಮೊಳಗಿನ ಒಬ್ಬನ ಊರಿನಲ್ಲಿ ಆದ ಮಾತು ಇದು.

"ಯಕ್ಕಾ, ಎರಡನೇ ಫೋಟೋ ಹತ್ತಲಿಲ್ಲ. ಇವತ್ತಿನ ಹಾಜರಿ ಬೀಳಾಂಗಿಲ್ಲ."

"ನಾ ತೆಗೆದ ಗುಂಡಿ ಇಲ್ಲೇ ಐತಲ್ಲವಾ. ಅದನ್ನ ನೋಡಿ ಹಾಜರಿ ಹಾಕಾಕ ಬರೂದಿಲ್ಲೇನು?"

ಆ ಅಕ್ಕ ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಆದರೆ ಅವಳು ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರಿ ಇನ್ನೂ ಸಿಕ್ಕಿಲ್ಲ. ಖಾತ್ರಿ ಕೆಲಸದಲ್ಲಿ ಕೂಲಿ ಸಿಗುತ್ತಿದ್ದದ್ದು ಅಳತೆಗೆ. ತಂಪು ಹೊತ್ತಿನಲ್ಲಿ ಬಂದು ಅಳತೆ ಮುಗಿಸಿ ಮನೆಗೆ ಹೋಗಿ ಒಲೆ ಹಚ್ಚಬಹುದಿತ್ತು. ಫೋಟೋ ಬಂದ ಮೇಲೆ ಅಳತೆ ಮುಗಿದರೂ ಬಿಸಿಲಲ್ಲಿ ಕೂತು ಫೋಟೋಕ್ಕಾಗಿ ಕಾಯಬೇಕಾಯಿತು. ಅಳತೆಯೂ ಇರಬೇಕು, ಫೋಟೋವೂ ಇರಬೇಕು. ಒಂದು ತಪ್ಪಿದರೂ ಕೂಲಿಗೆ ಕುತ್ತು. 2025-26ರಲ್ಲಿ ಕರ್ನಾಟಕದಲ್ಲಿ ದಿನಗೂಲಿ 370 ರೂಪಾಯಿ ಇತ್ತು. ಸಂಬಳ ಎಣಿಸುವವನಿಗೆ ಅದು ಸಣ್ಣ ಹಣ. ನಮ್ಮ ಮನೆಯಲ್ಲಿ ಅದು ವಾರದ ಸಂತೆ.

"ಕಳ್ಳತನ ತಡೆಯಬೇಕಲ್ಲ, ಅದಕ್ಕೇ ಫೋಟೋ" ಎಂದು ಸಾಹೇಬರು ಹೇಳುತ್ತಾರೆ. ತಡೆದಿರೇನು ಸ್ವಾಮಿ? 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ ಒಪ್ಪಿಕೊಂಡಿತು. ಸಂಬಂಧವಿಲ್ಲದ ಫೋಟೋ ಹಾಕಿದ್ದಾರೆ, ಫೋಟೋದ ಫೋಟೋ ತೆಗೆದು ಹಾಕಿದ್ದಾರೆ, ಒಂದೇ ಗುಂಪನ್ನು ಹಲವು ಹಾಜರಿ ಪಟ್ಟಿಯಲ್ಲಿ ತೋರಿಸಿದ್ದಾರೆ ಎಂದು. ಕಳ್ಳ ಸಂದಿಯಲ್ಲಿ ನುಸುಳಿ ಹೋದ. ದುಡಿದವಳು ಸಿಕ್ಕಿಬಿದ್ದಳು.

ಹಾಗಾದರೆ ಹಳೇ ಕಾಗದದ ಎನ್‌ಎಂಆರ್ ಸಾಕು, ಮೊಬೈಲೇ ಬೇಡ ಎನ್ನುವವರು ನಮ್ಮಲ್ಲೂ ಇದ್ದಾರೆ. ಅವರಿಗೂ ಒಂದು ಮಾತು. ಆ ಕಾಗದ ಯಾರ ಜೇಬಿನಲ್ಲಿತ್ತು? ಗುತ್ತಿಗೆದಾರನ ಜೇಬಿನಲ್ಲಿತ್ತು. ಸತ್ತವರು ಕೆಲಸಕ್ಕೆ ಬಂದರು, ಇದ್ದವರ ಹೆಸರು ಮಾಯವಾಯಿತು. ಆ ಕಾಲ ನಮಗೆ ಬೇಡ. ಬಾಬಾಸಾಹೇಬರು 1945ರಲ್ಲೇ ಈ ಪ್ರಶ್ನೆ ಎತ್ತಿಕೊಂಡು, ಯಂತ್ರವನ್ನು ಹಳಿಯುವ ಗಾಂಧಿವಾದವನ್ನು ಎದುರಿಸಿ ಬರೆದರು. ಯಂತ್ರ ಮನುಷ್ಯನಿಗೆ ಬಿಡುವು ಕೊಡುತ್ತದೆ, ಬಿಡುವಿಲ್ಲದವನು ಪಶುವಿನಂತೆ ಬಾಳಬೇಕಾಗುತ್ತದೆ, ತಪ್ಪು ಯಂತ್ರದ್ದಲ್ಲ, ಅದರ ಫಲವನ್ನು ಕೆಲವರೇ ನುಂಗುವ ಸಮಾಜದ್ದು ಎಂಬುದು ಅವರ ವಾದದ ತಿರುಳು. ನಾವು ಯಂತ್ರದ ವೈರಿಗಳಲ್ಲ. ಯಂತ್ರದ ಹಿಂದೆ ಕೂತವರು ಯಾರು ಎಂದು ಕೇಳುವವರು.

ಹಿಂದೆ ಕೂತವರು ಏನು ಮಾಡಬಲ್ಲರು ಎಂಬುದಕ್ಕೆ ಸಾಕ್ಷಿ ಬೇಕೆ? 2021ರ ಏಪ್ರಿಲ್‌ನಿಂದ ಖಾತ್ರಿ ಕೂಲಿಯನ್ನು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರರು ಎಂದು ಮೂರು ಪಾಲು ಮಾಡಿ ಪಾವತಿಸಿದರು. ಒಂದೇ ಕೆರೆ, ಒಂದೇ ದಿನ, ಒಂದೇ ಅಳತೆ. ಕೂಲಿ ಮಾತ್ರ ಬೇರೆ ಬೇರೆ ದಿನ. ಒಬ್ಬರಿಗೆ ಬಂತು, ಪಕ್ಕದಲ್ಲಿ ಬುಟ್ಟಿ ಎತ್ತಿಕೊಟ್ಟವರಿಗೆ ಬರಲಿಲ್ಲ. ಕೂಲಿಕಾರರ ನಡುವೆಯೇ ಜಗಳ ಹತ್ತಿತು. ವಿರೋಧ ಎದ್ದ ಮೇಲೆ ಅದೇ ವರ್ಷ ಕೈಬಿಟ್ಟರು. ಕಂಪ್ಯೂಟರಿಗೆ ಜಾತಿ ಇಲ್ಲ ಎನ್ನುವವರು ಇದನ್ನು ನೆನಪಿಡಲಿ. ಊರಲ್ಲಿದ್ದ ಗೆರೆಯನ್ನೇ ಕಂಪ್ಯೂಟರಿನಲ್ಲಿ ಎಳೆದರು.

ಈಗ ಇನ್ನೊಂದು ಸಾಕ್ಷಿ. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಕೂಲಿಕಾರರು 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾನಾ ಎಂಬ ಊರಿನಲ್ಲಿ ಸಭೆ ಸೇರಿದರು. ಸರಕಾರಿ ಹಾಜರಿ ಪಟ್ಟಿಯನ್ನು ಜನರ ಮುಂದೆ ಗಟ್ಟಿಯಾಗಿ ಓದಿದರು. ಕೆಲಸಕ್ಕೇ ಹೋಗದವರ ಹೆಸರು ಅದರಲ್ಲಿತ್ತು. ಅಷ್ಟೇ ಸಾಕಾಯಿತು. ಅಲ್ಲಿಂದ ಹೊತ್ತಿದ ಕಿಡಿ 2005ರ ಮಾಹಿತಿ ಹಕ್ಕು ಕಾನೂನಿನವರೆಗೆ ಬಂತು. ನಮ್ಮ ಚಳವಳಿಯ ಹಿರಿಯರದೂ ಇದೇ ದಾರಿ. 1970ರ ದಶಕದಲ್ಲಿ ಸೈಕ್ಲೋಸ್ಟೈಲ್ ಯಂತ್ರ ಆಫೀಸಿನ ಹುಕುಂ ಹೊಡೆಯುವುದಕ್ಕಿತ್ತು. ಅದೇ ಯಂತ್ರದ ಹಿಡಿಕೆ ತಿರುಗಿಸಿ ನಮ್ಮವರು ಕೇರಿಯ ಮಾತು ಹೊಡೆದರು. ಯಂತ್ರ ಅದೇ. ಹಿಡಿಕೆ ಹಿಡಿದ ಕೈ ಬೇರೆ.

ಆದ್ದರಿಂದ ನಾವು ಕೇಳುವುದು ಇಷ್ಟು. ಹಾಜರಿ ಬಿದ್ದ ಕೂಡಲೇ ಕೂಲಿಕಾರಳ ಕೈಗೆ ಅದರ ಚೀಟಿ ಅಥವಾ ಕನ್ನಡದಲ್ಲಿ ಸಂದೇಶ ಬರಬೇಕು. ಫೋನು ಕೆಟ್ಟರೆ, ನೆಟ್‌ವರ್ಕ್ ಹೋದರೆ, ತೋಡಿದ ಮಣ್ಣಿನ ಅಳತೆಯೇ ಹಾಜರಿ ಆಗಬೇಕು. ತಪ್ಪು ತಿದ್ದುವ ಅಧಿಕಾರ ಜಿಲ್ಲೆಯ ಆಫೀಸಿನಲ್ಲಿ ಕೂರಬಾರದು, ಗ್ರಾಮಸಭೆಗೆ ಬರಬೇಕು. ಕಾಯಕ ಬಂಧುವಿಗೆ ಫೋನೂ ರೀಚಾರ್ಜೂ ಸರಕಾರವೇ ಕೊಡಬೇಕು. ಅವ್ವನ ಫೋಟೋ ತೆಗೆಯುವುದಾದರೆ ಅಳತೆ ಬರೆಯುವ ಇಂಜಿನಿಯರು ಜಾಗಕ್ಕೆ ಬಂದದ್ದೂ ಫೋಟೋ ಆಗಲಿ. ಕೂಲಿ ತಡವಾದರೆ ಯಾರ ಮೇಜಿನಲ್ಲಿ ತಡವಾಯಿತು ಎಂಬುದೂ ಗೋಡೆ ಮೇಲೆ ಬರಲಿ. ಕಾವಲು ಎರಡೂ ಕಡೆ ಇರಲಿ.

2023ರ ಫೆಬ್ರವರಿಯಲ್ಲಿ ಈ ಮೊಬೈಲ್ ಹಾಜರಿಯ ವಿರುದ್ಧ ಕೂಲಿಕಾರರು ದಿಲ್ಲಿಯ ಜಂತರ್ ಮಂತರ್‌ನಲ್ಲಿ 100 ದಿನದ ಧರಣಿ ಹೂಡಿದರು. ಸರಕಾರದ ಕಿವಿಗೆ ಬಿತ್ತೇ? 2025ರ ಡಿಸೆಂಬರ್‌ನಲ್ಲಿ ಸಂಸತ್ತು ಖಾತ್ರಿ ಕಾನೂನಿನ ಜಾಗಕ್ಕೆ ಬೇರೆ ಕಾನೂನನ್ನೇ ಪಾಸು ಮಾಡಿತು. 100 ದಿನ ಇದ್ದದ್ದು 125 ಎಂದರು. ಬಿತ್ತನೆ ಸುಗ್ಗಿಯ ಕಾಲಕ್ಕೆ ಒಟ್ಟು 60 ದಿನ ಕೆಲಸ ನಿಲ್ಲಿಸಬೇಕು ಎಂದೂ ಬರೆದರು. ಆ 60 ದಿನ ನಮ್ಮವರು ಯಾರ ಬಾಗಿಲಿಗೆ ಹೋಗಬೇಕು? ಮತ್ತದೇ ಹೊಲದವನ ಬಾಗಿಲಿಗೆ. ಬೆರಳಚ್ಚು, ಮೊಬೈಲ್ ಕಾವಲು, ಕೃತಕ ಬುದ್ಧಿಮತ್ತೆ ಎಲ್ಲವೂ ಈಗ ಕಾನೂನಿನೊಳಗೇ ಬಂದು ಕೂತಿವೆ. ಹೆಸರು ಬದಲಾಯಿತು, ನಮ್ಮ ಪ್ರಶ್ನೆ ಬದಲಾಗಿಲ್ಲ.

ಗೆಳೆಯರೆ, ಮುಂದಿನ ರಜೆಗೆ ಊರಿಗೆ ಹೋದಾಗ ಬೆರಳು ಈ ಕೆಲಸಕ್ಕೆ ಬೀಳಲಿ. ಅವ್ವನ ಜಾಬ್ ಕಾರ್ಡ್ ತೆಗೆಯಿರಿ. ಓಣಿಯ ಹತ್ತು ಮನೆಯ ಕಾರ್ಡ್ ಕೂಡಿಸಿರಿ. ಸರಕಾರದ ವೆಬ್‌ಸೈಟಿನಲ್ಲಿ ಹಾಜರಿಯೂ ಪಾವತಿಯೂ ಹೆಸರು ಸಮೇತ ಇದೆ. ತೆರೆದು, ದೀಪದ ಕಂಬದ ಕೆಳಗೆ ನಿಂತು ಗಟ್ಟಿಯಾಗಿ ಓದಿರಿ. ಅವರು ಹೇಳುವ ದಿನ, ಅದು ಹೇಳುವ ದಿನ ತಾಳೆ ನೋಡಿರಿ. ವ್ಯತ್ಯಾಸ ಬಂದರೆ ಅರ್ಜಿ ಬರೆಯಿರಿ, ಸ್ವೀಕೃತಿ ಪಡೆಯಿರಿ, ಸಾಮಾಜಿಕ ಪರಿಶೋಧನೆಯ ಗ್ರಾಮಸಭೆಯಲ್ಲಿ ಎದ್ದು ಕೇಳಿರಿ. ನೀವು ಒಬ್ಬರೇ ಕೇಳಬೇಡಿ. ಅವ್ವನನ್ನು ಮುಂದೆ ನಿಲ್ಲಿಸಿ, ನೀವು ಹಿಂದೆ ನಿಲ್ಲಿರಿ.

ಅವರು ನಮ್ಮ ಫೋಟೋ ತೆಗೆದದ್ದು ಸಾಕು. ಈಗ ಫೋನನ್ನು ಅವರ ಕಡೆ ತಿರುಗಿಸೋಣ.

ಜೈ ಭೀಮ್.