ಗೋದಲಿಯ ಕಾಣಿಕೆ, ಗಲ್ಲಾಪೆಟ್ಟಿಗೆಯ ಕಪ್ಪ
ಕ್ರೈಸ್ತರ ನಂಬಿಕೆಯಂತೆ ಕ್ರಿಸ್‌ಮಸ್ಸಿನ ಮೊದಲ ಕಾಣಿಕೆ ಯೇಸುವೇ. ದೇವರು ಬೆಲೆ ಕೇಳದೆ ಕೊಟ್ಟದ್ದು. ಆ ಕೂಸು ಮಲಗಿದ್ದು ದನದ ಗೋದಲಿಯಲ್ಲಿ. ಸುದ್ದಿ ಮೊದಲು ಮುಟ್ಟಿದ್ದು ಕುರುಬರಿಗೆ. ಬಿಷಪ್ ನಿಕೊಲಾಸನು ಬಡವನೊಬ್ಬನ ಮೂವರು ಹೆಣ್ಣುಮಕ್ಕಳ ಮದುವೆಗೆಂದು ರಾತ್ರಿ ಗುಟ್ಟಾಗಿ ಹೊನ್ನಿನ ಗಂಟು ಎಸೆದನೆಂದು ಐತಿಹ್ಯ. ಕೊಟ್ಟವನು ಮರೆಯಲ್ಲಿರಬೇಕು, ಪಡೆದವನು ತಲೆಯೆತ್ತಿ ನಿಲ್ಲಬೇಕು: ಇದೇ ಆ ಕಾಣಿಕೆಯ ಧರ್ಮ.

ಬಂಡವಾಳಶಾಹಿ ಇದನ್ನೇನು ಮಾಡಿತು? 1939ರಲ್ಲಿ ಅಮೆರಿಕದ ದೊಡ್ಡ ಮಳಿಗೆದಾರರ ಒತ್ತಾಯಕ್ಕೆ ಅಧ್ಯಕ್ಷ ರೂಸ್‌ವೆಲ್ಟರು ಕೃತಜ್ಞತಾ ದಿನವನ್ನೇ ಒಂದು ವಾರ ಮುಂಚಿತಗೊಳಿಸಿದರು. ಕ್ರಿಸ್‌ಮಸ್ ವ್ಯಾಪಾರಕ್ಕೆ ಏಳು ದಿನ ಹೆಚ್ಚು ಸಿಗಲೆಂದು! ದೇವರನ್ನು ನೆನೆಯುವ ದಿನವೂ ಗಲ್ಲಾಪೆಟ್ಟಿಗೆಯ ಅಪ್ಪಣೆಗೆ ತಲೆಬಾಗಿತು.

ನಮ್ಮ ಜಗಳ ಹಬ್ಬದೊಡನಲ್ಲ, ಹಬ್ಬವನ್ನು ಗುತ್ತಿಗೆ ಹಿಡಿದವರೊಡನೆ. ಬಡವ ಸಾಲ ತಂದು ಕೊಳ್ಳುವ ಉಡುಗೊರೆ ಕಾಣಿಕೆಯಲ್ಲ, ಧಣಿಗೆ ಕಟ್ಟುವ ಕಪ್ಪವೆನ್ನುತ್ತೇವೆ ನಾವು. ಮೊದಲು ದುಡಿದವನ ಪಾಲು ಅವನಿಗೆ ಸಲ್ಲಲಿ. ಆಮೇಲೆ ಕಾಣಿಕೆಯ ಮಾತು.