ಐಡಿಯಾ ಸಾಹುಕಾರರದು, ಬೀಗದ ಕೈ ಹುಡುಗನ ಜೇಬಿನಲ್ಲಿ!

ಮಂಡಿಪೇಟೆಯ ದಿನಸಿ ವ್ಯಾಪಾರಿಯೊಬ್ಬರು ಮೊನ್ನೆ ನಮ್ಮ ಕಚೇರಿಗೆ ಬಂದು ಕೂತರು. ಕೊಟ್ಟ ಚಹಾ ಆರಿಹೋಯಿತು, ಮುಟ್ಟಲಿಲ್ಲ. "ನನ್ನ ಅಂಗಡಿಗೆ ನಾನೇ ಹೊರಗಿನವ ಆಗೀನ್ರಿ, ಏನಾರ ಬರೀರಿ" ಎಂದರು.

ಅವರ ಯೋಚನೆ ಒಳ್ಳೆಯದೇ ಇತ್ತು. ಜಗಳೂರು, ಚನ್ನಗಿರಿ ಕಡೆಯಿಂದ ದಾವಣಗೆರೆಗೆ ಬರುವವರಿಗೆ ಪೇಟೆ ಸುತ್ತಿ, ಚೀಲ ಹೊತ್ತು ಬಸ್ಸು ಹಿಡಿಯುವುದೇ ದೊಡ್ಡ ಗೋಳು. ಈ ಅಂಕಣ ಓದುತ್ತಾ ನಿಂತಿರುವ ಅರ್ಧ ಜನಕ್ಕೆ ಅದು ಗೊತ್ತು. ಹಿಂದಿನ ರಾತ್ರಿ ಮೊಬೈಲಿನಲ್ಲಿ ಸಾಮಾನಿನ ಚೀಟಿ ಕಳಿಸಿದರೆ ಆಯಿತು, ಮರುದಿನ ಸಂಜೆ ವಾಪಸು ಬಸ್ಸಿನ ಹೊತ್ತಿಗೆ ಬಸ್‌ಸ್ಟ್ಯಾಂಡ್ ಪಕ್ಕದ ಮಳಿಗೆಯಲ್ಲಿ ಚೀಲ ಕಟ್ಟಿ ಸಿದ್ಧ! ಒಳ್ಳೆಯ ಹೆಸರನ್ನೂ ಹುಡುಕಿದ್ದರು. ವೆಬ್‌ಸೈಟ್ ಮಾಡಲು ಮನೆಯಲ್ಲೇ ಕೂತು ಬಿಡಿ ಕೆಲಸ ಮಾಡುವ ಹುಡುಗನೊಬ್ಬ ಸಿಕ್ಕ. 18,000 ರೂಪಾಯಿಗೆ ಬಾಯಿಮಾತಿನ ಒಪ್ಪಂದ. ಚೀಟಿಯಿಲ್ಲ, ಸಹಿಯಿಲ್ಲ.

ಮೂರು ತಿಂಗಳಾದ ಮೇಲೆ "ಹೆಚ್ಚಿನ ಕೆಲಸಕ್ಕೆ ಇನ್ನೂ 6,000 ಕೊಡ್ರಿ" ಎಂಬ ತಕರಾರು. ಸಾಹುಕಾರರು ಕೊಡಲಿಲ್ಲ, ಸೈಟು ಬಂದ್ ಆಯಿತು. ಆಮೇಲೆ ನೋಡಿದರೆ ಡೊಮೇನ್ ಹೆಸರು ಹುಡುಗನ ಹೆಸರಲ್ಲಿ, ಪಾಸ್‌ವರ್ಡ್ ಅವನ ಈಮೇಲಿನಲ್ಲಿ, ಗಿರಾಕಿಗಳ ಫೋನ್ ನಂಬರೂ ಅವನ ಬಳಿಯೇ. ಸಾಲದ್ದಕ್ಕೆ ಇನ್ನೊಂದು ಬೀದಿಯ ಅಂಗಡಿಗೆ ಬಣ್ಣ ಮಾತ್ರ ಬದಲಾಯಿಸಿದ ಅದೇ ಸೈಟು!

ಹಾಗಾದರೆ ಹುಡುಗ ಕಳ್ಳನೇ? ಅಷ್ಟು ಸಲೀಸಾಗಿ ಹೇಳುವ ಹಾಗಿಲ್ಲ ಸ್ವಾಮಿ. ಈ ಬರಹಗಾರ ಪಿಯುಸಿ ಅರ್ಧಕ್ಕೆ ಬಿಟ್ಟವನು, ಕಾಯ್ದೆ ಪುಸ್ತಕ ಕಂಡರೆ ನಿದ್ದೆ ಬರುತ್ತದೆ. ಆದರೂ ಈ ಸಲ ಕೂತು ಓದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು ಯಜಮಾನನದು. ಬಿಡಿ ಕೆಲಸದವನು ಬರೆದದ್ದು ಬರೆದವನದೇ, ನೀವು ದುಡ್ಡು ಕೊಟ್ಟಿದ್ದರೂ! ದರ್ಜಿಗೆ ಕೂಲಿ ಕೊಟ್ಟು ಅಂಗಿ ತಂದ ಹಾಗಲ್ಲ ಇದು. ಬಳಸುವ ಹಕ್ಕು ನಿಮಗೆ ಸಿಗಬಹುದು, ಒಡೆತನ ಸಿಗುವುದಿಲ್ಲ.

ಒಡೆತನ ಬೇಕೆಂದರೆ 19ನೇ ಕಲಮಿನಂತೆ ಅವನು ಬರೆದು ಸಹಿ ಹಾಕಿ ಕೊಡಬೇಕು. ಅಲ್ಲೂ ಒಂದು ತೊಡಕಿದೆ, ವಕೀಲರಲ್ಲದವರು ಇದನ್ನು ಗಮನಿಸುವುದು ಕಡಿಮೆ. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದೇ ವರ್ಷ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. "ಎಲ್ಲಾ ಹಕ್ಕು ಕೊಟ್ಟಿದ್ದೇನೆ" ಎಂಬ ಒಂದು ಸಾಲು ನಂಬಿ ಕೂತರೆ ಆರನೇ ವರ್ಷಕ್ಕೆ ಮತ್ತೆ ಅದೇ ಪಂಚಾಯ್ತಿ.

ಇನ್ನು ಐಡಿಯಾದ ಮಾತು. "ಚೀಲ ಕಟ್ಟಿಡೋದು ನನ್ನ ತಲೀಗ್ ಬಂದದ್ದು" ಎಂದು ಸಾಹುಕಾರರು ಹತ್ತು ಸಲ ಹೇಳಿದರು. ನಿಜವೇ ಇರಲಿ, ಆದರೆ ಬರೀ ಯೋಚನೆಗೆ ಕೃತಿಸ್ವಾಮ್ಯ ಇಲ್ಲ. ಆರ್.ಜಿ. ಆನಂದ್ ಎಂಬ ನಾಟಕಕಾರರು, ತಮ್ಮ 'ಹಮ್ ಹಿಂದೂಸ್ತಾನಿ' ನಾಟಕವನ್ನು ಕದ್ದು 'ನ್ಯೂ ಡೆಲ್ಲಿ' ಸಿನಿಮಾ ತೆಗೆದರು ಎಂದು ಸುಪ್ರೀಂ ಕೋರ್ಟಿನ ತನಕ ಹೋಗಿ 1978ರಲ್ಲಿ ಸೋತರು. ಕಥಾವಸ್ತು ಯಾರಪ್ಪನ ಸ್ವತ್ತೂ ಅಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ರಕ್ಷಣೆ ಎಂಬುದು ಆ ತೀರ್ಪಿನ ಸಾರ. ಪೇಟೆಂಟ್ ಮಾಡಿಸೋಣವೆಂದರೆ ವ್ಯಾಪಾರದ ವಿಧಾನಕ್ಕೆ ಪೇಟೆಂಟ್ ಕಾಯ್ದೆಯೇ ಬಾಗಿಲು ಹಾಕಿದೆ.

ಹಾಗಂತ ಎಲ್ಲವೂ ಮುಳುಗಿತು ಎಂದಲ್ಲ. ಗುಟ್ಟೆಂದು ನಂಬಿ ಹೇಳಿದ್ದನ್ನು ಕೇಳಿದವನು ತನ್ನದಾಗಿಸಿಕೊಂಡರೆ ನ್ಯಾಯಾಲಯ ತಡೆಯುತ್ತದೆ. ಒಂದು ಟೀವಿ ಧಾರಾವಾಹಿಯ ಯೋಜನೆಯ ವಿಷಯದಲ್ಲಿ ಬೊಂಬಾಯಿ ಹೈಕೋರ್ಟು 2003ರಲ್ಲಿ ಹಾಗೆ ತಡೆದಿತ್ತು. ಆದರೆ ಏನು ಹೇಳಿದಿರಿ, ಯಾವತ್ತು ಹೇಳಿದಿರಿ, ಗುಟ್ಟೆಂದು ತಿಳಿಸಿದಿರಾ ಎಂಬುದಕ್ಕೆ ಪುರಾವೆ ಬೇಕು. ಆ ಪುರಾವೆಯೇ ಗೋಪ್ಯತೆಯ ಕರಾರು. ಅದನ್ನು ಕೆಲಸ ವಿವರಿಸುವ ಮೊದಲು ಬರೆಸಬೇಕು, ಜಗಳ ಆದ ಮೇಲಲ್ಲ.

ಇಲ್ಲೊಂದು ಕಟುಮಾತು ಹೇಳಲೇಬೇಕು. ಬಸ್‌ಸ್ಟ್ಯಾಂಡ್ ಎದುರು ಮಳಿಗೆ ತೆರೆದು ಬೋರ್ಡು ಹಾಕಿದ ದಿನವೇ ಸಾಹುಕಾರರ ಗುಟ್ಟು ಊರ ಸೊತ್ತಾಯಿತು. ಪಕ್ಕದ ಬೀದಿಯವರು ಚೀಲ ಕಟ್ಟಿಡುವುದನ್ನು ಯಾವ ಕೋರ್ಟೂ ತಡೆಯಲಾರದು. ಕಾಯಬೇಕಾಗಿದ್ದದ್ದು ಬೇರೆ: ಗಿರಾಕಿಗಳ ಪಟ್ಟಿ, ಸರಕು ಎಲ್ಲಿಂದ ಯಾವ ದರಕ್ಕೆ ತರುತ್ತೇವೆಂಬ ಲೆಕ್ಕ, ಸೈಟಿನ ಕೋಡು, ಹೆಸರು. ದರದ ಲೆಕ್ಕ ಸೈಟು ಮಾಡುವ ಹುಡುಗನಿಗೆ ಯಾಕೆ ಬೇಕಿತ್ತು? ಚಹಾ ಕುಡಿಯುತ್ತಾ ಇವರೇ ಎಲ್ಲವನ್ನೂ ಹೇಳಿದ್ದರಂತೆ!

ಹೆಸರಿಗೆ ಟ್ರೇಡ್‌ಮಾರ್ಕ್ ಇದೆ. ಸಣ್ಣ ವ್ಯಾಪಾರಿ ಆನ್‌ಲೈನ್ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ, ನೋಂದಣಿ ಆದರೆ ಹತ್ತು ವರ್ಷ ಬಾಳಿಕೆ. ಡೊಮೇನನ್ನು ನಿಮ್ಮ ಹೆಸರು, ನಿಮ್ಮ ಈಮೇಲಿನಲ್ಲಿ ನೀವೇ ಕೊಳ್ಳಿ. ಕೊನೆಯ ಕಂತಿನ ಹಣ ಕೋಡು, ಪಾಸ್‌ವರ್ಡು ಎಲ್ಲಾ ಕೈಗೆ ಬಂದ ಮೇಲೆಯೇ ಕೊಡಿ.

"ಇನ್ ಮ್ಯಾಲೆ ಯಾವ ಕಿರಾಣಿ ಅಂಗಡಿ ಕೆಲಸಾನೂ ಮಾಡಬಾರದು ಅಂತ ಬರೆಸ್ತೀನಿ" ಎಂದು ಸಾಹುಕಾರರು ಎದ್ದರು. ಅದೂ ನಡೆಯದು. ಒಬ್ಬನ ಕಸುಬಿಗೆ ಅಡ್ಡಗಟ್ಟುವ ಕರಾರು 1872ರ ಕರಾರು ಕಾಯ್ದೆಯ 27ನೇ ಕಲಮಿನಂತೆ ಶೂನ್ಯ. ಹುಡುಗನೂ ಹೊಟ್ಟೆಪಾಡಿನವನೇ. ಅವನನ್ನು ಕೇಳಿದರೆ ಏಳು ಸಲ ಬದಲಾವಣೆ ಮಾಡಿಸಿಕೊಂಡ ಸಾಹುಕಾರರ ಕಥೆ ಹೇಳಿದ. ಬರೆದಿಟ್ಟ ಲೆಕ್ಕ ಅವನ ಬಳಿಯೂ ಇಲ್ಲ.

ಕೊನೆಗೆ 4,000ಕ್ಕೆ ರಾಜಿಯಾಗಿದೆ. ಡೊಮೇನ್ ಮತ್ತು ಗಿರಾಕಿಗಳ ಪಟ್ಟಿ ಸಾಹುಕಾರರಿಗೆ, ಕೋಡು ಇಬ್ಬರಿಗೂ. ಈ ಸಲ ಇ-ಸ್ಟಾಂಪ್ ಕಾಗದದ ಮೇಲೆ ಇಬ್ಬರೂ ಸಹಿ ಹಾಕಿದ್ದಾರೆ.